ಬಟವಾಡೆ ದಿನ ನಿಂತ ಕಂಪ್ಯೂಟರ್: ಮೂಡಿಗೆರೆ ಕಡೆಯ ಒಂದು ತೋಟದ ಪ್ರಕರಣ

ಕೈಕೊಡುವುದಿಲ್ಲ ಅಂತ ಜನ ನಂಬುವ ಆಪರೇಟಿಂಗ್ ಸಿಸ್ಟಂಗಳು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಕಂಪ್ಯೂಟರ್ ಒಳಗಿನದು ಗೊತ್ತಿಲ್ಲದವರಿಗೂ ಹೊಂದಿಕೊಳ್ಳಬೇಕಾ? ಇಲ್ಲ, ಅವು ಗೊತ್ತಿರುವವರಿಗೆ ಮಾತ್ರ ಇರಲಿ, ಉಳಿದವರು ಬೇರೆ ಏನಾದರೂ ನೋಡಿಕೊಳ್ಳಲಿ ಅನ್ನಬೇಕಾ? ಎರಡೂ ಕಡೆ ಗಟ್ಟಿಯಾಗಿ ವಾದ ಮಾಡುವವರಿದ್ದಾರೆ. ವಾದಕ್ಕೆ ಇಳಿಯುವ ಮುಂಚೆ ಒಂದು ಪ್ರಕರಣ ಪೂರ್ತಿ ಬಿಡಿಸಿ ಹೇಳುತ್ತೇನೆ. ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದ ಆಫೀಸಿನಲ್ಲಿ ನಡೆದದ್ದು. ತೋಟದ ಹೆಸರು, ಜನರ ಹೆಸರು ಬೇಡ. ಆ ಕಡೆಯ ತೋಟಗಳಿಗೆ, ಸಣ್ಣಪುಟ್ಟ ಅಂಗಡಿಗಳಿಗೆ ಕಂಪ್ಯೂಟರ್ ರಿಪೇರಿ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಕಥೆಯೊಳಗೆ ನಾನೂ ಇದ್ದೇನೆ.

ರೈಟ್ರು ಮತ್ತು ಅವರ ಕೆಲಸ

ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರನ್ನು ರೈಟ್ರು ಅಂತಾರೆ. ಬೆಳಗ್ಗೆ ಹಾಜರಿ ತೆಗೆದು ಚೆಕ್‌ರೋಲ್‌ಗೆ ಏರಿಸುವುದು, ಯಾರು ಯಾವ ಕೆಲಸಕ್ಕೆ ಹೋದರು, ಕುಯ್ಲಿನ ಕಾಲದಲ್ಲಿ ಸಂಜೆ ಯಾರ ಹಣ್ಣು ಎಷ್ಟು ಕೆಜಿ ತೂಗಿತು, ಯಾರಿಗೆ ಎಷ್ಟು ಮುಂಗಡ ಹೋಗಿದೆ, ಅದರಲ್ಲಿ ಈ ವಾರ ಎಷ್ಟು ಹಿಡಿಯಬೇಕು, ಎಲ್ಲ ಅವರ ಮೇಲೆಯೇ. ಸಂತೆಯ ಹಿಂದಿನ ದಿನ ಬಟವಾಡೆ. ಅವತ್ತು ಸಂಜೆ ಕೈಗೆ ದುಡ್ಡು ಬರಲಿಲ್ಲ ಅಂದರೆ ಕೂಲಿಯವರ ಲೈನ್‌ಮನೆಗಳಲ್ಲಿ ವಾರಕ್ಕೆ ಬೇಕಾದ ಸಾಮಾನು ಇಲ್ಲ, ಅಷ್ಟೇ. ಈ ತೋಟದ ರೈಟ್ರಿಗೆ ಐವತ್ತು ದಾಟಿದೆ. ಕನ್ನಡ ಟೈಪಿಂಗ್ ನನಗಿಂತ ಎಷ್ಟೋ ಜೋರು. ಒಣಗಿದ ಕಾಫಿ ಹಣ್ಣನ್ನು, ಅಂದರೆ ಚೆರಿಯನ್ನು, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳಿಯೇ ಕಣದಿಂದ ತೆಗೆಯಬಹುದಾ ಇಲ್ಲವಾ ಅಂತ ಹೇಳುವ ಮನುಷ್ಯ. ಕಂಪ್ಯೂಟರ್ ಲೋಕದ ಲೆಕ್ಕದಲ್ಲಿ ಇವರು ‘ತಾಂತ್ರಿಕ ಜ್ಞಾನ ಇಲ್ಲದ ಬಳಕೆದಾರ’. ಆ ಪಟ್ಟಿ ಹಚ್ಚುವ ಮುಂಚೆ ಇಷ್ಟಾದರೂ ಗೊತ್ತಿರಲಿ ಅಂತ ಹೇಳಿದೆ.

ವಿಂಡೋಸ್‌ನಿಂದ ಲಿನಕ್ಸ್‌ಗೆ

ಆಫೀಸಿನ ಕಂಪ್ಯೂಟರ್ ಹಳೆಯದು. ಇಂಟೆಲ್ 4ನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್. ವಿಂಡೋಸ್ 10 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರಿಂದ ಈಚಿನದೇ ಬೇಕು ಅನ್ನುತ್ತದೆ. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇತ್ತು ನಿಜ. ಆದರೆ ಸಾಹುಕಾರರ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ದೀಪಾವಳಿಗೆ ಊರಿಗೆ ಬಂದವರು, ಒಂದೇ ಸಲಕ್ಕೆ ಮುಗಿಸಿಬಿಡೋಣ ಅಂತ ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿದರು. ನಿಧಾನವಾಗಿ ಬದಲಾಗುವ, ವರ್ಷಗಟ್ಟಲೆ ಭದ್ರತಾ ತೇಪೆ ಸಿಗುವ, ಸರ್ವರ್‌ಗಳಲ್ಲಿ ಜನ ಕಣ್ಣುಮುಚ್ಚಿ ನಂಬುವ ಬಗೆಯದು. ಲಿನಕ್ಸ್‌ನಲ್ಲಿ ಬಗೆಗಳು ಹಲವು, ಇದು ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಅದರ ಪರ, ವಿರೋಧಕ್ಕೇ ತಿರುಗುತ್ತದೆ. ಇಲ್ಲಿ ನಡೆದದ್ದು ಆ ಗುಂಪಿನ ಯಾವುದರಲ್ಲಾದರೂ ನಡೆಯಬಹುದಿತ್ತು.

ಮೊದಲ ತೊಡಕು ಹಳೆಯ ಫೈಲುಗಳದ್ದು. ರೈಟ್ರು ವರ್ಷಗಳಿಂದ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವರು, ಅದೂ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್‌ಗಿಂತ ಹಿಂದಿನ ಫಾಂಟ್. ಆ ಫಾಂಟ್ ಇಲ್ಲದ ಕಡೆ ಫೈಲ್ ತೆರೆದರೆ ಕೂಲಿಯವರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಸಾಹುಕಾರರ ಮಗ ಕೂತು ಎಲ್ಲ ಶೀಟ್‌ಗಳನ್ನೂ ಯುನಿಕೋಡ್‌ಗೆ ಬದಲಾಯಿಸಿದರು. ಅದು ಸುಮ್ನೆ ಆಗುವ ಕೆಲಸ ಅಲ್ಲ, ಆ ತಾಳ್ಮೆಯನ್ನು ಮೆಚ್ಚಲೇಬೇಕು. ಟೈಪಿಂಗ್‌ಗೆ ತೊಂದರೆ ಆಗಲಿಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಅಂದರೆ ನಾವೆಲ್ಲ ಕಗಪ ಅನ್ನುವುದು, ಲಿನಕ್ಸ್‌ನಲ್ಲೂ ಇದೆ. ಬೆರಳಿನ ಅಭ್ಯಾಸ ಬದಲಾಯಿಸಬೇಕಾಗಲಿಲ್ಲ. ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್ ಇದ್ದಿದ್ದರೆ ಕಥೆಯೇ ಬೇರೆ, ಅದು ವಿಂಡೋಸ್‌ಗೆ ಅಂತ ಮಾಡಿದ್ದು. ಇಲ್ಲಿ ತೆರಿಗೆ ವ್ಯವಹಾರವೆಲ್ಲ ಚಿಕ್ಕಮಗಳೂರಿನ ಆಡಿಟರ್ ಕಡೆಗೆ, ತೋಟದಲ್ಲಿ ಬೇಕಾದದ್ದು ಶೀಟ್ ತುಂಬಲು ಲಿಬ್ರೆಆಫೀಸ್ ಮತ್ತು ಪ್ರಿಂಟರ್ ಅಷ್ಟೇ.

ಆಮೇಲೆ ಅರೇಬಿಕಾ ಕುಯ್ಲು ಪೂರ್ತಿ, ರೊಬಸ್ಟಾ ಕುಯ್ಲಿನ ಬಹುಪಾಲು, ಆ ಕಂಪ್ಯೂಟರ್ ಒಂದು ದಿನವೂ ತಂಟೆ ಮಾಡಲಿಲ್ಲ. ಬೇಗ ಶುರುವಾಗುತ್ತಿತ್ತು. ಪೆನ್‌ಡ್ರೈವ್‌ನಲ್ಲಿ ಪೇಟೆಯ ಝೆರಾಕ್ಸ್ ಅಂಗಡಿಯಿಂದ ಹತ್ತಿಕೊಂಡು ಬರುತ್ತಿದ್ದ ವೈರಸ್ ಕಾಟ ನಿಂತಿತು. ಕೆಲಸದ ಮಧ್ಯ ‘ರೀಸ್ಟಾರ್ಟ್ ಮಾಡಿ’ ಅಂತ ಪೀಡಿಸುವುದು ಇರಲಿಲ್ಲ. ರೈಟ್ರಿಗೆ ಖುಷಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಬರುವುದನ್ನು ಓದಿ ‘ಲಿನಕ್ಸ್ ನಮ್ಮಂಥವರಿಗಲ್ಲ’ ಅಂತ ಯಾರೂ ತೀರ್ಮಾನ ಮಾಡಬಾರದು. ಸಿಸ್ಟಂ ನಿಜಕ್ಕೂ ಚೆನ್ನಾಗಿತ್ತು.

ಆ ಬೆಳಗ್ಗೆ

ಫೆಬ್ರವರಿ ಕೊನೆ. ಮೆಣಸಿನ ಕುಯ್ಲೂ ಶುರುವಾಗಿತ್ತು, ಆಳು ಜಾಸ್ತಿ, ಲೆಕ್ಕವೂ ಜಾಸ್ತಿ. ಹಿಂದಿನ ಸಂಜೆ ತೂಕ ಏರಿಸುತ್ತಿರುವಾಗ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಹಳೆಯದು, ನಿಮಿಷದೊಳಗೆ ಕೈಕೊಟ್ಟಿತು. ಮಲೆನಾಡಿನಲ್ಲಿ ಇದು ಹೊಸತಲ್ಲ. ಬೆಳಗ್ಗೆ ಬಂದು ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಇಂಗ್ಲಿಷ್ ಅಕ್ಷರ. ಕೊನೆಯಲ್ಲಿ ‘ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ, ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಅಲಿ’ ಅನ್ನುವ ಸಾಲು (ಡಿಸ್ಕ್‌ನ ಲೆಕ್ಕ ತಾಳೆಯಾಗುತ್ತಿಲ್ಲ, ಎಫ್‌ಎಸ್‌ಸಿಕೆ ಅನ್ನುವ ತಪಾಸಣೆ ನೀವೇ ಓಡಿಸಿ ಅಂತ ಅರ್ಥ), ಅದರ ಕೆಳಗೆ ಕಂಸದೊಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಅಂತ ಬರೆದುಕೊಂಡು ಮಿಣುಕುತ್ತಾ ಕೂತಿತ್ತು. ಅವತ್ತು ಬಟವಾಡೆ.

ರೈಟ್ರು ವೈರಸ್ ಅಂದುಕೊಂಡರು. ಆಫ್ ಮಾಡಿ ಆನ್ ಮಾಡಿದರು, ಮತ್ತೆ ಮಾಡಿದರು. ಬೇರೆ ಏನು ಮಾಡಲಿಕ್ಕೆ ಸಾಧ್ಯ ಇತ್ತು? ಪರದೆಯ ಮೇಲೆ ‘ಆಫ್ ಮಾಡಬೇಡಿ’ ಅಂತ ಎಲ್ಲೂ ಇರಲಿಲ್ಲ. ಪೇಟೆಯ ಒಂದು ಅಂಗಡಿಗೆ ಫೋನ್ ಮಾಡಿದಾಗ ಅವರು ನೋಡದೆಯೇ ಹೇಳಿದ್ದು: ತನ್ನಿ, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕಿಕೊಡ್ತೀವಿ. ಡಾಟಾ ಹೋಗುತ್ತಾ ಅಂದರೆ, ಹೋಗುತ್ತೆ.

ಆಮೇಲೆ ಬೆಂಗಳೂರಿಗೆ ಫೋನ್. ಇಲ್ಲಿ ಒಂದು ವಿಷಯ ಹೇಳಬೇಕು. ಆ ಆಫೀಸಿನ ಒಳಗೆ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ, ಕಣದ ಆ ತುದಿಗೆ ಹೋಗಬೇಕು. ಹಾಗಾಗಿ ಮೇಸ್ತ್ರಿ ಫೋನ್ ಹಿಡಿದು ಕಣದ ತುದಿಯಲ್ಲಿ ನಿಂತರು. ಆ ತಪಾಸಣೆ ಓಡಿಸಲು ಏನು ಒತ್ತಬೇಕು ಅಂತ ಸಾಹುಕಾರರ ಮಗ ಹೇಳಿದ ಒಂದೊಂದು ಅಕ್ಷರವನ್ನೂ ಹಳೆ ಚೆಕ್‌ರೋಲ್ ಹಾಳೆಯ ಹಿಂದೆ ಬರೆದುಕೊಂಡರು. ಒಬ್ಬ ಹುಡುಗ ಅದನ್ನು ಆಫೀಸಿಗೆ ತಂದುಕೊಟ್ಟ. ರೈಟ್ರು ನೋಡಿ ಒತ್ತಿದರು. ಓರೆ ಗೀಟು ಅಂತ ಇದ್ದದ್ದು ಅವರಿಗೆ ತಕ್ಷಣ ಹೊಳೆಯಿತು, ದಿನಾಂಕ ಬರೆಯುವಾಗ ದಿನಾ ಒತ್ತುವ ಕೀಲಿ ಅದು. ಎಂಟರ್ ಒತ್ತಿದ ಮೇಲೆ ಸಾಲುಗಳು ಓಡಿ ಒಂದು ಕಡೆ ನಿಂತವು. ಇಂತಿಂಥ ನಂಬರಿನ ಐನೋಡ್, ಅಂದರೆ ಒಂದು ಫೈಲಿನ ವಿವರ ಇರುವ ದಾಖಲೆ, ಸರಿಯಿಲ್ಲ, ‘ಕ್ಲಿಯರ್?’ ಅಂತ ಪ್ರಶ್ನೆ. ಪಕ್ಕದಲ್ಲಿ, ಹೂಂ ಅನ್ನಲು ಒತ್ತಬೇಕಾದ ‘ವೈ’ ಅಕ್ಷರ.

ರೈಟ್ರು ಒತ್ತಲಿಲ್ಲ.

ಯಾಕೆ ಅಂತ ಆಮೇಲೆ ಕೇಳಿದಾಗ ಅವರು ಹೇಳಿದ್ದು: “ಏನು ಹೋಗುತ್ತೆ ಅಂತ ಅದು ಹೇಳಲಿಲ್ಲ. ಒಂದು ಹೆಸರು ಹೋಗುತ್ತೋ, ಇಡೀ ಕುಯ್ಲಿನ ಲೆಕ್ಕ ಹೋಗುತ್ತೋ. ಗೊತ್ತಿಲ್ಲದೆ ಹೂಂ ಅನ್ನೋದು ಹೆಂಗೆ?” ಅಷ್ಟು ಹೊತ್ತಿಗೆ ಅವರು ಪರದೆಯ ಫೋಟೋ ತೆಗೆದು ನನಗೂ ವಾಟ್ಸಾಪ್ ಮಾಡಿಸಿದ್ದರು. ಫೋಟೋ ನೋಡಿದ ಕೂಡಲೇ ಫೋನ್ ಮಾಡಿ, “ರೈಟ್ರೇ, ಇನ್ನೇನೂ ಒತ್ತಬೇಡಿ, ಹಾಗೇ ಬಿಡಿ, ನಾನೇ ಬರ್ತೀನಿ” ಅಂದೆ.

ಅವರು ‘ವೈ’ ಒತ್ತದೇ ಇದ್ದದ್ದು ಬಹಳ ಒಳ್ಳೆಯದಾಯಿತು. ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್‌ಗಳು, ಅಂದರೆ ಓದಲಾಗದ ಕೆಟ್ಟ ಜಾಗಗಳು, ಎದ್ದಿದ್ದವು. ಸಾಯುತ್ತಿರುವ ಡಿಸ್ಕ್‌ನ ಮೇಲೆಯೇ ರಿಪೇರಿ ಓಡಿಸಿದರೆ ಓದಲಾಗದ ಜಾಗವನ್ನು ಹಾಳಾದದ್ದು ಅಂತ ಎಣಿಸಿ ಫೈಲುಗಳ ಕೊಂಡಿಗಳನ್ನು ಕತ್ತರಿಸಿಬಿಡುವ ಸಾಧ್ಯತೆ ಇದೆ. ಡಿಸ್ಕ್ ಬಿಚ್ಚಿ ತಂದು, ಮೊದಲು ಡಿಡಿರೆಸ್ಕ್ಯೂ ಅನ್ನುವ ಉಪಕರಣದಿಂದ ಓದಲು ಆಗುವಷ್ಟನ್ನೂ ತಿರುಗುವ ಭಾಗವಿಲ್ಲದ ಹೊಸ ಡಿಸ್ಕ್, ಎಸ್‌ಎಸ್‌ಡಿಗೆ ನಕಲು ಮಾಡಿದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮರಳಿ ಮರಳಿ ಪ್ರಯತ್ನಿಸುತ್ತದೆ. ರಿಪೇರಿ ಓಡಿಸಿದ್ದು ಆ ನಕಲಿನ ಮೇಲೆ. ಹೆಚ್ಚುಕಡಿಮೆ ಎಲ್ಲ ಬಂತು. ಒಂದಷ್ಟು ಫೈಲುಗಳು ಮಾತ್ರ ಹೆಸರು ಕಳೆದುಕೊಂಡು, ಬರೀ ನಂಬರ್ ಹೊತ್ತು ‘ಲಾಸ್ಟ್ ಫೌಂಡ್’ ಫೋಲ್ಡರಿಗೆ ಬಿದ್ದಿದ್ದವು. ಅವನ್ನು ತೆರೆದು ರೈಟ್ರ ಮುಂದೆ ಇಟ್ಟೆ. ದಿನಾಂಕ ಇರಲಿಲ್ಲ. ಅವರು ತೂಕದ ಅಂಕಣದ ಮೇಲೆ ಬೆರಳು ಓಡಿಸಿ, “ಇದು ಕೆರೆ ಮೇಲಿನ ಬ್ಲಾಕ್ ಕುಯ್ದ ದಿನ, ಅವತ್ತು ಇಷ್ಟು ಹಣ್ಣು ಬೇರೆ ಎಲ್ಲೂ ಬಂದಿಲ್ಲ” ಅಂತ ಒಂದನ್ನು ಗುರುತಿಸಿದರು. ಇನ್ನೊಂದನ್ನು ಅದರಲ್ಲಿ ಯಾರ ಹೆಸರು ಇಲ್ಲ ಅನ್ನುವುದರಿಂದ ಗುರುತಿಸಿದರು. ಮದುವೆಗೆ ಅಂತ ಊರಿಗೆ ಹೋದವರ ಮನೆಯ ನಾಲ್ಕೂ ಹೆಸರು ಅದರಲ್ಲಿ ಇರಲಿಲ್ಲ. ಇದನ್ನು ಯಾವ ತಂತ್ರಜ್ಞನೂ ಮಾಡಲಾರ.

ಬಟವಾಡೆ ಅವತ್ತೇ ಆಯಿತು, ರಾತ್ರಿ ಲೇಟಾಗಿ. ರೈಟ್ರು ಪೆನ್ಸಿಲ್ಲಿನಲ್ಲಿ ಬರೆಯುವ ಪುಸ್ತಕ ಬಿಟ್ಟಿರಲಿಲ್ಲ. ಅದರ ಮೇಲೆ ಲೆಕ್ಕ ಹಾಕಿ ದುಡ್ಡು ಕೊಟ್ಟರು. ಮುಂಗಡದ ಕೆಲವು ಬಾಕಿಗಳನ್ನು ಮುಂದಿನ ವಾರಕ್ಕೆ ಬಿಟ್ಟರು.

ತಪ್ಪಾದದ್ದು ಎಲ್ಲಿ

ಇಲ್ಲಿ ಸಿಸ್ಟಂ ಮಾಡಿದ್ದು ಸರಿಯೇ. ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ಸಿಸ್ಟಂ, ಏನನ್ನು ಬದಲಾಯಿಸಲಿದ್ದೇನೆ ಅನ್ನುವುದನ್ನು ಮೊದಲು ಜರ್ನಲ್ ಅನ್ನುವ ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಹಾಗಾಗಿ ಕರೆಂಟ್ ಹೋದರೆ ಸಾಮಾನ್ಯವಾಗಿ ತಾನೇ ಸರಿಪಡಿಸಿಕೊಂಡು ಎದ್ದೇಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇಲ್ಲಿ ಡಿಸ್ಕೇ ಕೆಟ್ಟಿದ್ದರಿಂದ ಅಷ್ಟು ಸಾಕಾಗಲಿಲ್ಲ. ಕಂಪ್ಯೂಟರ್ ಶುರುವಾಗುವಾಗ ಓಡುವ ತಪಾಸಣೆ, ಅಪಾಯವಿಲ್ಲದ ತಿದ್ದುಪಡಿಗಳನ್ನು ಮಾತ್ರ ತಾನಾಗಿ ಮಾಡುತ್ತದೆ. ಡಾಟಾ ಕಳೆಯಬಹುದಾದ ತೀರ್ಮಾನ ಬಂದಾಗ ನಿಲ್ಲುತ್ತದೆ, ಮನುಷ್ಯರನ್ನು ಕೇಳುತ್ತದೆ. ಊಹೆ ಮಾಡುವುದಿಲ್ಲ. ನಂಬಿಕೆಗೆ ಇನ್ನೊಂದು ಹೆಸರು ಬೇಕಾದರೆ ಇದೇ.

ಆದರೆ ಅದು ಕೇಳಿದ್ದು ಯಾರನ್ನು? ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಮನುಷ್ಯ ಆ ಆಫೀಸಿನಲ್ಲಿ ಇರಲೇ ಇಲ್ಲ.

ನಕಲು ಆದಮೇಲೆ ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್ ತಾನೇ ಬರೆದಿಟ್ಟ ದಾಖಲೆಗಳನ್ನು, ತೆರೆದು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಡಿಸ್ಕ್ ಕೆಡುತ್ತಿದೆ ಅಂತ ಕಂಪ್ಯೂಟರಿಗೆ ಸಂಕ್ರಾಂತಿ ಹೊತ್ತಿಗೇ ಗೊತ್ತಿತ್ತು. ಸಾಹುಕಾರರ ಮಗ ಜವಾಬ್ದಾರಿಯಿಂದ ಸ್ಮಾರ್ಟ್‌ಡಿ ಅನ್ನುವ ಕಾವಲು ಪ್ರೋಗ್ರಾಂ ಹಾಕಿದ್ದರು. ಅದು ಓದಲಾಗದ ಸೆಕ್ಟರ್‌ಗಳನ್ನು ಗಮನಿಸಿ, ರೂಢಿಯಂತೆ, ಪತ್ರ ಬರೆದಿತ್ತು. ಬರೆದದ್ದು ‘ರೂಟ್’ ಅನ್ನುವವರಿಗೆ, ಆ ಕಂಪ್ಯೂಟರಿನ ಒಳಗಿನ ಅಂಚೆಪೆಟ್ಟಿಗೆಗೆ. ಒಂದಾದ ಮೇಲೆ ಒಂದು ಪತ್ರ ಅಲ್ಲಿ ಬಿದ್ದಿತ್ತು. ಅಂಥದ್ದೊಂದು ಅಂಚೆಪೆಟ್ಟಿಗೆ ಇದೆ ಅಂತಲೇ ತೋಟದಲ್ಲಿ ಯಾರಿಗೂ ಗೊತ್ತಿಲ್ಲ. ಡಿಸ್ಕ್‌ನ ಒಟ್ಟಾರೆ ಆರೋಗ್ಯ ಮಾತ್ರ ‘ಪಾಸ್’ ಅಂತಲೇ ತೋರಿಸುತ್ತಿತ್ತು, ಸಾಯುವ ಡಿಸ್ಕ್‌ಗಳು ಹಾಗೆ ಹೇಳುವುದು ಅಪರೂಪ ಅಲ್ಲ. ಹಾಗಾಗಿ ಡೆಸ್ಕ್‌ಟಾಪ್ ಬಾಯಿ ಬಿಡಲಿಲ್ಲ. ಬ್ಯಾಕಪ್ ಕಥೆಯೂ ಅದೇ. ಇಂಟರ್‌ನೆಟ್ ಮೂಲಕ ಬೇರೆ ಕಡೆಗೆ ನಕಲು ಹೋಗುವ ವ್ಯವಸ್ಥೆ ಇತ್ತು. ನೆಟ್‌ವರ್ಕ್ ಇಲ್ಲದೆ ಅದು ವಾರಗಳ ಹಿಂದೆಯೇ ನಿಂತಿತ್ತು. ಮೂಲೆಯ ಒಂದು ಸಣ್ಣ ಗುರುತು ಬಣ್ಣ ಬದಲಾಯಿಸಿದ್ದೇ ಅದರ ಎಚ್ಚರಿಕೆ.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಹುಟ್ಟಿದ್ದು 1969ರ ಹೊತ್ತಿಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಒಂದು ಯಂತ್ರ, ಹಲವು ಬಳಕೆದಾರರು, ಅವರನ್ನೂ ಯಂತ್ರವನ್ನೂ ನೋಡಿಕೊಳ್ಳುವ ಒಬ್ಬ ಮೇಲ್ವಿಚಾರಕ. ಆ ಮೇಲ್ವಿಚಾರಕನೇ ರೂಟ್. ಇವತ್ತಿನ ಲಿನಕ್ಸ್, ಯುನಿಕ್ಸ್‌ನಿಂದಲೇ ಬಂದ ಬಿಎಸ್‌ಡಿ ಸಿಸ್ಟಂಗಳೆಲ್ಲ ಆ ಎರಡು ಪಾತ್ರಗಳನ್ನು ಇಟ್ಟುಕೊಂಡೇ ಬೆಳೆದಿವೆ. ಬಳಸುವವರು ಬೇರೆ, ನೋಡಿಕೊಳ್ಳುವವರು ಬೇರೆ. ಕಂಪನಿಯಲ್ಲಿ, ಕಾಲೇಜಿನಲ್ಲಿ ಇದು ಸರಿ. ತೋಟದ ಆಫೀಸಿನಲ್ಲಿ ಇರುವುದು ಒಬ್ಬರೇ ರೈಟ್ರು. ಮೇಲ್ವಿಚಾರಕನ ಕುರ್ಚಿ ಖಾಲಿ. ನಂಬಿಕೆಯ ಸಿಸ್ಟಂ ತನ್ನ ಎಲ್ಲ ಎಚ್ಚರಿಕೆ, ಎಲ್ಲ ಪ್ರಶ್ನೆಗಳನ್ನೂ ಆ ಖಾಲಿ ಕುರ್ಚಿಗೆ ಹೇಳುತ್ತಾ ಹೋಗುತ್ತದೆ.

ನನ್ನ ಮಟ್ಟಿಗೆ ಮೊದಲಿನ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ. ಬಟನ್ ದೊಡ್ಡದಿರಬೇಕಾ, ಮೆನು ಚೆಂದ ಇರಬೇಕಾ ಅನ್ನುವುದು ಅಲ್ಲ. ಆ ಕುರ್ಚಿಯಲ್ಲಿ ಯಾರೂ ಇಲ್ಲದಿದ್ದಾಗ ಸಿಸ್ಟಂ ಏನು ಮಾಡಬೇಕು ಅನ್ನುವುದು.

ಬೇರೆಯವರು ಏನು ಮಾಡಿದ್ದಾರೆ

ಗೂಗಲ್‌ನ ಲ್ಯಾಪ್‌ಟಾಪ್ ಸಿಸ್ಟಂ ಕ್ರೋಮ್‌ಒಎಸ್‌ನಲ್ಲಿ ಸಿಸ್ಟಂನ ಎರಡು ಪ್ರತಿ ಇರುತ್ತವೆ. ಒಂದರಲ್ಲಿ ಕೆಲಸ ನಡೆಯುವಾಗ ಅಪ್‌ಡೇಟ್ ಇನ್ನೊಂದಕ್ಕೆ ಬೀಳುತ್ತದೆ. ಹೊಸದು ಏಳದಿದ್ದರೆ ಯಂತ್ರ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಆಂಡ್ರಾಯ್ಡ್‌ಗೂ 2016ರ 7.0 ಆವೃತ್ತಿಯಿಂದ ಈ ಪದ್ಧತಿ ಬಂತು. ಎರಡರ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ, ಅಂದರೆ ಲಿನಕ್ಸ್‌ನ ತಿರುಳೇ. ಅಲ್ಲಿ ಖಾಲಿ ಕುರ್ಚಿಯಲ್ಲಿ ಗೂಗಲ್ ಕೂತಿದೆ. ಅನುಕೂಲ ಇದೆ, ಬೆಲೆಯೂ ಇದೆ. ಯಂತ್ರ ನಿಮ್ಮದು, ತೀರ್ಮಾನ ಅವರದು.

ಕೇರಳದ ದಾರಿ ನನಗೆ ಜಾಸ್ತಿ ಹಿಡಿಸುತ್ತದೆ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರದ ಕೈಟ್ ಸಂಸ್ಥೆ, ಉಬುಂಟು ಅನ್ನುವ ಲಿನಕ್ಸ್ ಆಧಾರದ ತನ್ನದೇ ಲಿನಕ್ಸ್ ಕೊಡುತ್ತದೆ. ಮಲಯಾಳಂ, ಪಾಠಕ್ಕೆ ಬೇಕಾದ ಪ್ರೋಗ್ರಾಂಗಳು ಎಲ್ಲ ಮೊದಲೇ ಇರುತ್ತವೆ. ಅದರ ಜೊತೆ ಶಿಕ್ಷಕರಿಗೇ ತರಬೇತಿ ಕೊಟ್ಟರು. ಅಂದರೆ ಸಾಫ್ಟ್‌ವೇರ್ ಹಂಚಿ ಕೈತೊಳೆದುಕೊಳ್ಳಲಿಲ್ಲ, ಕುರ್ಚಿಯಲ್ಲಿ ಊರಿನ ಮನುಷ್ಯರನ್ನು ಕೂರಿಸಿದರು. ನಮ್ಮ ಕಡೆಯೂ ಇದು ಆಗದ ಮಾತೇನಲ್ಲ.

ಇನ್ನೊಂದು ತುದಿಯಲ್ಲಿ ಬಿಎಸ್‌ಡಿ ಕುಟುಂಬದ ಓಪನ್‌ಬಿಎಸ್‌ಡಿ. 1995ರಲ್ಲಿ ಥಿಯೋ ಡಿ ರಾಟ್ ನೆಟ್‌ಬಿಎಸ್‌ಡಿಯಿಂದ ಕವಲೊಡೆಸಿ ಶುರು ಮಾಡಿದ್ದು. ಇನ್‌ಸ್ಟಾಲ್ ಮಾಡುವುದೇ ಅಕ್ಷರಗಳ ಪ್ರಶ್ನೋತ್ತರದಲ್ಲಿ. ದಿನದ ತಪಾಸಣೆಯ ವರದಿ ಇಲ್ಲೂ ರೂಟ್‌ನ ಅಂಚೆಗೇ ಹೋಗುತ್ತದೆ. ಅದನ್ನು ಕಟ್ಟುವವರು ತಮಗೆ ಬೇಕಾದ ಹಾಗೆ ಕಟ್ಟುತ್ತಾರೆ, ಅದನ್ನು ಮುಚ್ಚಿಡುವುದೂ ಇಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ, ಗೌರವವೇ ಇದೆ. 1999ರಲ್ಲಿ ಅವರು ಹೊರತಂದ, ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಒಳಹೋಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಇವತ್ತು ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಇದೆ. ರೈಟ್ರ ಬ್ಯಾಂಕಿನ ದುಡ್ಡು ಕಾಯುವ ಯಂತ್ರಗಳ ನಡುವೆಯೂ ಅದು ಇರಬಹುದು, ಅವರಿಗೆ ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಎಲ್ಲರೂ ಎಲ್ಲರಿಗಾಗಿ ಕಟ್ಟಬೇಕು ಅಂತ ಹಟ ಮಾಡಿದ್ದರೆ ಅಂಥದ್ದು ಹುಟ್ಟುತ್ತಿರಲಿಲ್ಲ.

ನನ್ನ ತಕರಾರು ಎರಡರ ನಡುವೆ ನಿಂತವರ ಜೊತೆ. ‘ಹಳೆ ಕಂಪ್ಯೂಟರಿಗೆ ಇದು ಹಾಕಿ, ವಿಂಡೋಸ್ ಬೇಡ, ಇದು ಕೆಡುವುದೇ ಇಲ್ಲ’ ಅಂತ ಸಾಮಾನ್ಯರನ್ನು ಕರೆಯುತ್ತಾರೆ. ಕಷ್ಟ ಬಂದಾಗ ‘ಇಷ್ಟೂ ಗೊತ್ತಿಲ್ಲದವರು ಇದನ್ನು ಯಾಕೆ ಬಳಸಬೇಕಿತ್ತು’ ಅನ್ನುತ್ತಾರೆ. ಕರೆದ ಮೇಲೆ ಜವಾಬ್ದಾರಿ ಇದೆ. ಕರೆಯದವರಿಗೆ ಇಲ್ಲ.

ಸಾಮಾನ್ಯರಿಗೆ ಹೊಂದಿಸಲು ಹೋದರೆ ಸಿಸ್ಟಂ ಸಡಿಲವಾಗುತ್ತದೆ ಅನ್ನುವ ಭಯ ಪೂರ್ತಿ ಸುಳ್ಳಲ್ಲ. ಆ ಬೆಳಗ್ಗೆಯ ‘ವೈ’ಯನ್ನು ರೈಟ್ರ ಪರವಾಗಿ ಕಂಪ್ಯೂಟರೇ ಒತ್ತಿಕೊಂಡು ಮುಂದೆ ಹೋಗಿದ್ದರೆ ಅವರಿಗೆ ತೊಂದರೆ ಕಾಣುತ್ತಿರಲಿಲ್ಲ, ಲೆಕ್ಕ ಮಾತ್ರ ಸದ್ದಿಲ್ಲದೆ ಹಾಳಾಗಿರುತ್ತಿತ್ತು. ಅಂಥ ಹೊಂದಾಣಿಕೆ ನನಗೂ ಬೇಡ. ಪ್ರಶ್ನೆ ಕೇಳಲಿ. ಆದರೆ ‘ನಿಮ್ಮ ಫೈಲುಗಳು ಇನ್ನೂ ಇವೆ, ಡಿಸ್ಕ್ ಕೆಟ್ಟಿರಬಹುದು, ಆಫ್ ಆನ್ ಮಾಡಬೇಡಿ, ಗೊತ್ತಿರುವವರಿಗೆ ಈ ಪರದೆಯ ಫೋಟೋ ಕಳಿಸಿ’ ಅಂತ ನಾಲ್ಕು ಸಾಲು ಹೇಳಿ ಕೇಳಲಿ. ಸಾಧ್ಯವಾದರೆ ಏನನ್ನೂ ಬರೆಯದೆ ಫೈಲುಗಳನ್ನು ಓದಿ ಪೆನ್‌ಡ್ರೈವ್‌ಗೆ ಎತ್ತಿಕೊಳ್ಳುವ ಒಂದು ದಾರಿ ಕೊಡಲಿ. ಇದರಿಂದ ಸಿಸ್ಟಂನ ಯಾವ ಗಟ್ಟಿತನ ಕಡಿಮೆಯಾಗುತ್ತದೆ?

ಆ ನಾಲ್ಕು ಸಾಲು ಕನ್ನಡದಲ್ಲಿ ಇರಲಿ ಅಂದರೆ ಇನ್ನೊಂದು ಗೋಡೆ ಅಡ್ಡ ಬರುತ್ತದೆ. ಡೆಸ್ಕ್‌ಟಾಪ್ ಏಳುವ ಮುಂಚಿನ ಆ ಕಪ್ಪು ಪರದೆ, ಲಿನಕ್ಸ್‌ನ ಅಕ್ಷರ ಕನ್ಸೋಲ್, ಒಂದು ಸಲಕ್ಕೆ ಹೆಚ್ಚೆಂದರೆ 512 ಅಕ್ಷರ ರೂಪಗಳನ್ನಷ್ಟೇ ಇಟ್ಟುಕೊಳ್ಳಬಲ್ಲದು. ಒತ್ತಕ್ಷರ, ಗುಣಿತ ಕೂಡಿಸಿ ತೋರಿಸುವ ವ್ಯವಸ್ಥೆ ಅದಕ್ಕೆ ಇಲ್ಲ. ಅಂದರೆ ಯಾರಾದರೂ ಶ್ರದ್ಧೆಯಿಂದ ಅನುವಾದ ಮಾಡಿದರೂ ಅಲ್ಲಿ ‘ಡಿಸ್ಕ್’ ಅಂತ ಸರಿಯಾಗಿ ಮೂಡುವುದಿಲ್ಲ. ಎಲ್ಲ ಚೆನ್ನಾಗಿದ್ದಾಗ ಮೆನುಗಳು ಕನ್ನಡದಲ್ಲಿ ಮಾತಾಡುತ್ತವೆ. ಕೈಹಿಡಿಯಬೇಕಾದ ಹೊತ್ತಿನಲ್ಲಿ ಕನ್ನಡ ಇರುವುದಿಲ್ಲ.

ಸ್ವಲ್ಪ ಭರವಸೆ ಇದೆ. 2024ರ ಜುಲೈನಲ್ಲಿ ಬಂದ ಲಿನಕ್ಸ್ ಕರ್ನಲ್ 6.10ರಲ್ಲಿ, ಕರ್ನಲ್ಲೇ ಕುಸಿದಾಗ ತೋರಿಸುವ ಗ್ರಾಫಿಕ್ ಪರದೆ ಸೇರಿತು. ಅದೇ ವರ್ಷದ ನವೆಂಬರಿನ 6.12ರಲ್ಲಿ ಅದಕ್ಕೆ ಕ್ಯೂಆರ್ ಕೋಡ್ ಬಂತು. ದೋಷದ ವಿವರ ಆ ಕೋಡ್‌ನೊಳಗೆ ಇರುತ್ತದೆ, ಫೋನ್ ಹಿಡಿದರೆ ಸಾಕು. ನಮ್ಮ ತೋಟದ ಕೇಸಿಗೆ ಅದು ನೇರ ಒದಗುವುದಿಲ್ಲ, ಇಲ್ಲಿ ಕುಸಿದದ್ದು ಕರ್ನಲ್ ಅಲ್ಲ. ಆದರೆ ಕಂಪ್ಯೂಟರಿನ ಮುಂದೆ ಫೋನ್ ಹಿಡಿದ ಒಬ್ಬ ಮನುಷ್ಯ ನಿಂತಿರುತ್ತಾನೆ, ಅವನು ಇದನ್ನು ಬೇರೆಯವರಿಗೆ ಕಳಿಸುತ್ತಾನೆ ಅನ್ನುವುದನ್ನು ಕರ್ನಲ್ ಬರೆಯುವವರೇ ಯೋಚಿಸಿದ್ದಾರಲ್ಲ, ಅದು ದೊಡ್ಡದು.

ಇದು ಬರೀ ಲಿನಕ್ಸ್‌ನ ದೋಷ ಅಂತಲೂ ತಿಳಿಯಬೇಡಿ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ಅವುಗಳಲ್ಲಿ ಬಹಳಷ್ಟನ್ನು ಎಬ್ಬಿಸಲು ಯಾರಾದರೂ ಯಂತ್ರದ ಮುಂದೆಯೇ ಕೂತು ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಬೇಕಾಯಿತು. ದೊಡ್ಡ ದೊಡ್ಡ ಕಂಪನಿಗಳಿಗೂ ಅವತ್ತು ಕುರ್ಚಿಗಳು ಸಾಲಲಿಲ್ಲ.

ತೋಟದಲ್ಲಿ ಈಗ

ಸಾಹುಕಾರರು ವಿಂಡೋಸ್‌ಗೆ ವಾಪಸ್ ಹೋಗೋಣವಾ ಅಂತ ಕೇಳಿದರು. ರೈಟ್ರೇ ಬೇಡ ಅಂದರು. ಹಾಗಾಗಿ ಅದೇ ಲಿನಕ್ಸ್ ಉಳಿಯಿತು, ಎಸ್‌ಎಸ್‌ಡಿ ಮೇಲೆ, ಹೊಸ ಯುಪಿಎಸ್ ಬ್ಯಾಟರಿಯ ಜೊತೆ.

ಸ್ಮಾರ್ಟ್‌ಡಿಗೆ ಅಂಚೆ ಕಳಿಸುವ ಬದಲು ನಾವು ಬರೆದ ಸ್ಕ್ರಿಪ್ಟ್ ಓಡಿಸು ಅಂತ ಹೇಳುವ ಅನುಕೂಲ ಇದೆ. ಅದನ್ನು ಬಳಸಿ, ಎಚ್ಚರಿಕೆ ಬಂದರೆ ಪರದೆ ತುಂಬ ಕನ್ನಡದಲ್ಲಿ ಒಂದು ಕಿಟಕಿ ತೆರೆಯುವ ಹಾಗೆ ಮಾಡಿದೆ. ಪದಗಳನ್ನು ರೈಟ್ರ ಜೊತೆ ಕೂತೇ ಬರೆದದ್ದು. ನಾನು ‘ಡಿಸ್ಕ್ ವೈಫಲ್ಯದ ಸಾಧ್ಯತೆ ಇದೆ’ ಅಂತ ಶುರು ಮಾಡಿದ್ದೆ. ಅವರು ಓದಿ, “ಇದು ಈಗಲೇ ಕೈಬಿಡಬೇಕಾ, ಸಂಜೆ ತನಕ ತಡೆಯುತ್ತಾ, ಅದನ್ನು ಹೇಳಿ” ಅಂದರು. ಈಗ ಅದು ಹೀಗಿದೆ: ‘ಡಿಸ್ಕ್ ಕೆಡ್ತಾ ಇದೆ. ಈಗಲೇ ಪೆನ್‌ಡ್ರೈವ್‌ಗೆ ನಕಲು ಮಾಡಿ. ಆಮೇಲೆ ಫೋನ್ ಮಾಡಿ. ಹೇಳುವವರೆಗೆ ಹೊಸ ಕೆಲಸ ಪುಸ್ತಕದಲ್ಲಿ ಬರೆಯಿರಿ.’ ಕಂಪ್ಯೂಟರ್ ಶುರುವಾಗುವಾಗ ಮೆನು ತೋರಿಸುವ ಗ್ರಬ್ ಅನ್ನುವ ಪ್ರೋಗ್ರಾಂಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ, ಆದರೆ ಹಿನ್ನೆಲೆಗೆ ಚಿತ್ರ ಹಾಕಬಹುದು. ಕನ್ನಡದ ಸೂಚನೆಯನ್ನೇ ಚಿತ್ರವಾಗಿ ಮಾಡಿ ಅಲ್ಲಿ ಇಟ್ಟಿದ್ದೇನೆ.

ಬ್ಯಾಕಪ್‌ಗೆ ಎರಡು ಪೆನ್‌ಡ್ರೈವ್, ಒಂದು ಆಫೀಸಿನಲ್ಲಿ, ಇನ್ನೊಂದು ಸಾಹುಕಾರರ ಮನೆಯಲ್ಲಿ, ಬಟವಾಡೆ ದಿನ ಅದಲು ಬದಲು. ಚುಚ್ಚಿದ ಕೂಡಲೇ ನಕಲು ಆಗುತ್ತದೆ, ಆದಮೇಲೆ ಪೆನ್‌ಡ್ರೈವ್‌ನಲ್ಲಿರುವ ಶೀಟೇ ತೆರೆದುಕೊಳ್ಳುತ್ತದೆ. ರೈಟ್ರು ಕೊನೆಯ ಸಾಲಿನ ಹೆಸರು, ತೂಕ ನೋಡಿ ಮುಚ್ಚುತ್ತಾರೆ. ಹಸಿರು ಗುರುತನ್ನು ನಂಬುವುದಕ್ಕಿಂತ ಇದು ಎಷ್ಟೋ ವಾಸಿ.

ಇವೆಲ್ಲ ಬರೆಯಲು ಹೆಚ್ಚು ಸಾಲು ಬೇಕಾಗಲಿಲ್ಲ. ಅದಕ್ಕೇ ನನಗೆ ಬೇಸರ. ಇಷ್ಟನ್ನು ಸಿಸ್ಟಂ ಕಟ್ಟುವವರೇ ಇನ್‌ಸ್ಟಾಲ್ ಮಾಡುವ ಹೊತ್ತಿಗೆ ಕೇಳಬಹುದಿತ್ತು: ಈ ಯಂತ್ರವನ್ನು ನೋಡಿಕೊಳ್ಳುವವರು ಬೇರೆ ಇದ್ದಾರಾ, ಇದ್ದರೆ ಅವರಿಗೆ ಸುದ್ದಿ ಮುಟ್ಟಿಸುವುದು ಹೇಗೆ, ಇಲ್ಲದಿದ್ದರೆ ಎಚ್ಚರಿಕೆಗಳನ್ನು ಯಾವ ಭಾಷೆಯಲ್ಲಿ ನಿಮಗೇ ಹೇಳಲಿ? ಸಮಯದ ವಲಯ ಕೇಳುತ್ತಾರೆ, ಕೀಲಿಮಣೆ ಕೇಳುತ್ತಾರೆ, ಇದನ್ನು ಕೇಳುವುದಿಲ್ಲ. ಈ ಪ್ರಶ್ನೆಯನ್ನು ನಾವು ಬಳಸುವ ಲಿನಕ್ಸ್‌ನವರಿಗೆ ಸಲಹೆಯಾಗಿ ಬರೆಯುತ್ತಿದ್ದೇನೆ, ಜೊತೆಗೆ ಆ ಕನ್ನಡ ಕಿಟಕಿಯ ಸ್ಕ್ರಿಪ್ಟನ್ನೂ ಕೊಡುತ್ತೇನೆ.

ಪ್ರಿಂಟರ್ ಮಾತ್ರ ಇನ್ನೂ ಸರಿಹೋಗಿಲ್ಲ. ಅದರ ಕಂಪನಿಯವರು ಡ್ರೈವರಿನ ಒಂದು ತುಣುಕನ್ನು ಮುಚ್ಚಿಟ್ಟಿದ್ದಾರೆ. ಡ್ರೈವರ್‌ನ ಆವೃತ್ತಿ ಬದಲಾದಾಗಲೆಲ್ಲ ಅದನ್ನು ಇಂಟರ್‌ನೆಟ್‌ನಿಂದ ಮತ್ತೆ ಇಳಿಸಿಕೊಳ್ಳಬೇಕು. ಆಫೀಸಿಗೆ ನೆಟ್‌ವರ್ಕ್ ಇಲ್ಲ. ಸದ್ಯಕ್ಕೆ ಆ ಡ್ರೈವರ್ ಅಪ್‌ಡೇಟ್ ಆಗದ ಹಾಗೆ ಹಿಡಿದಿಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಬೇರೆ ಪ್ರಿಂಟರ್ ನೋಡೋಣ ಅಂತ ಸಾಹುಕಾರರು ಒಪ್ಪಿದ್ದಾರೆ, ಮುಚ್ಚಿದ ತುಣುಕು ಬೇಡದಂಥದ್ದು.